ಕಂಪ್ಯೂಟರು ಮೂರು ದಿನ ನಿಂತ ಸಂಗತಿ

ಮುಳಬಾಗಿಲು
11-7-2005, ಸೋಮವಾರ

ಸೊಸೆ ಹರಿಪ್ರಿಯಾಳಿಗೆ, ಅತ್ತೆಯ ಆಶೀರ್ವಾದ.

ಮೊದಲು ಈ ನಾಲ್ಕು ಸಾಲು ಓದಿಕೋ, ಉಳಿದದ್ದು ಆಮೇಲೆ. ನಿನ್ನ ಪ್ರಬಂಧ ಇದೆ. ಇನ್ನೂರ ಹನ್ನೆರಡು ಪುಟವೂ ಇದೆ. ಈ ಕಾಗದದ ಜೊತೆಗಿರುವ ಸಿಡಿಯಲ್ಲಿ ಅದರ ಪ್ರತಿ ಇದೆ. ಏಳು ತಿಂಗಳ ಬಸುರಿ ಗಾಬರಿಯಾಗಬಾರದೆಂದು ಇದನ್ನು ಮೇಲೆಯೇ ಬರೆದೆ.

ಫೋನು ಮಾಡಬಹುದಿತ್ತು. ಆದರೆ ಮಾಲೂರಿನಲ್ಲಿ ನಿಮ್ಮಮ್ಮನ ಮನೆಯ ಫೋನು ನಡುಮನೆಯಲ್ಲಿದೆ. ಅಲ್ಲದೆ ನನ್ನ ಮಾತು ಮುಗಿಯುವ ಮೊದಲೇ ನೀನು ಶುರು ಮಾಡುತ್ತೀಯ. ಕಾಗದದಲ್ಲಿ ಆ ತೊಂದರೆಯಿಲ್ಲ.

ನಿನ್ನ ಮಾವನವರು ನಲವತ್ತು ವರ್ಷ ಈ ಬೀದಿಯ ಮಕ್ಕಳಿಗೆಲ್ಲ ಜಾತಕ ಬರೆದರು. ಈಗ ಪಂಚಾಂಗದ ಸಣ್ಣ ಅಂಕಿಗಳು ಅವರಿಗೆ ಕಾಣುವುದಿಲ್ಲ. ಕಾಣುವುದಿಲ್ಲ ಎಂದು ಒಪ್ಪುವುದೂ ಇಲ್ಲ. ನಮ್ಮ ಮನೆಯ ಮಗುವಿನ ಜಾತಕಕ್ಕೆ ಬೇರೆಯವರ ಮನೆ ಬಾಗಿಲಿಗೆ ಹೋಗುವುದು ನನಗೆ ಬೇಕಿರಲಿಲ್ಲ. ಜಾತಕ ಹಾಕುವ ಸಿಡಿ ಬಂದಿದೆ ಎಂದು ಕೇಳಿ ಕೋಲಾರದಿಂದ ತರಿಸಿದೆ. ಕಂಪ್ಯೂಟರಿಗೆ ಹಾಕಿದರೆ ಜಾಗ ಸಾಲದು ಎಂದಿತು.

ಗುರುವಾರ ಬೆಳಿಗ್ಗೆ ಕದಿರೇಶನನ್ನು ಕರೆಸಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನಲ್ಲ, ಅವನು. ನಿನ್ನ ಗಂಡ ಮುಕುಂದ ಶ್ರೀನಿವಾಸಪುರಕ್ಕೆ ಕೆಲಸಕ್ಕೆ ಹೋಗಿದ್ದ. ಡಿಸ್ಕಿನಲ್ಲಿ ವಿಂಡೋಸಿಗೆ ಇರುವ ಭಾಗ ಚಿಕ್ಕದು, ನೀನು ಪ್ರಬಂಧ ಬರೆಯಲು ಬಳಸುವ ಲಿನಕ್ಸಿಗೆ ಇರುವ ಭಾಗ ದೊಡ್ಡದು ಎಂದು ಕದಿರೇಶ ಪರದೆಯ ಮೇಲೆ ತೋರಿಸಿದ. ಒಬ್ಬಳಿಗೆ ಇಷ್ಟು ಜಾಗ ಯಾಕೆ ಎಂದು ನನಗೆ ಅನ್ನಿಸಿದ್ದು ನಿಜ. ಲಿನಕ್ಸಿನ ಭಾಗವನ್ನು ಮುಂದುಗಡೆಯಿಂದ ಕುಗ್ಗಿಸಿ, ಖಾಲಿಯಾದ ಜಾಗದಲ್ಲಿ ಹೊಸದೊಂದು ಭಾಗ ಮಾಡಿದ್ದಾಯಿತು. ಅರ್ಧ ದಿನ ಹಿಡಿಯಿತು. ಆಫ್ ಮಾಡಿ ಆನ್ ಮಾಡಿದರೆ ಕಪ್ಪು ಪರದೆ. ಗ್ರಬ್ ಎಂದು ಒಂದು ಸಾಲು, ಅದರ ಕೆಳಗೆ ಎರರ್ 17. ನಿನ್ನ ಲಿನಕ್ಸೂ ಇಲ್ಲ, ವಿಂಡೋಸೂ ಇಲ್ಲ.

ತಿಂಗಳ ಕೊನೆಗೆ ನೀನು ಪ್ರಬಂಧ ಕೊಡಬೇಕೆಂದೂ, ಫ್ಲಾಪಿಯಲ್ಲಿರುವುದು ಮೊದಲ ಎರಡು ಅಧ್ಯಾಯ ಮಾತ್ರವೆಂದೂ ನನಗೆ ಗೊತ್ತಿತ್ತು. ದೇವರಾಯಸಮುದ್ರದ ಕೆರೆಯಲ್ಲಿ ತೂಬು ಎತ್ತಿದರೆ ನೀರು ಬರುತ್ತದೆ, ಅದಕ್ಕೆ ಡಾಕ್ಟರೇಟು ಯಾಕೆ ಎಂದು ನಾಲ್ಕು ವರ್ಷದಿಂದ ಬಂದವರ ಮುಂದೆಲ್ಲ ಹೇಳಿದವಳು ನಾನು. ಈಗ ಅದು ಹೋದರೆ ಅತ್ತೆ ಬೇಕೆಂದೇ ಹೊಟ್ಟೆಕಿಚ್ಚಿಗೆ ಮಾಡಿದಳು ಎನ್ನುತ್ತಾರೆ. ನೀನು ಬಾಯಿಬಿಟ್ಟು ಅನ್ನದಿದ್ದರೂ ಮನಸ್ಸಿನಲ್ಲಿ ಅಂದುಕೊಳ್ಳುತ್ತೀಯ. ಅವತ್ತು ನನಗೆ ಊಟ ಸೇರಲಿಲ್ಲ.

ಕದಿರೇಶ, ಅಮ್ಮಾವ್ರೇ, ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬಿಡ್ತೀನಿ, ಸಂಜೆಗೆ ರೆಡಿ ಅಂದ. ಬೀಗದ ಕೈ ಕಳೆದ್ರೆ ಮನೆ ಕೆಡವ್ತಾರೇನೋ ಎಂದು ಕೇಳಿದೆ. ಆಮೇಲೆ ಕೂತು ಯೋಚಿಸಿ, ಏನಾಗಿದೆ ಎಂದು ವಿವರಿಸಿದ. ಗ್ರಬ್ ಎನ್ನುವುದು ಬಾಗಿಲಲ್ಲಿ ನಿಂತು ದಾರಿ ತೋರಿಸುವ ಸಣ್ಣ ಪ್ರೋಗ್ರಾಮು. ಲಿನಕ್ಸು ಐದನೇ ಭಾಗದಲ್ಲಿದೆ ಎಂದು ಅದು ಬರೆದಿಟ್ಟುಕೊಂಡಿತ್ತು. ಮುಂದೆ ಹೊಸ ಭಾಗ ಬಂದದ್ದರಿಂದ ಐದು ಎನ್ನುವ ನಂಬರು ಅದಕ್ಕೆ ಹೋಯಿತು, ಲಿನಕ್ಸು ಆರಾಯಿತು. ಗ್ರಬ್ ಐದಕ್ಕೆ ಹೋಗಿ, ಇಲ್ಲಿ ಏನೂ ಇಲ್ಲ ಎಂದು ನಿಂತುಬಿಟ್ಟಿದೆ.

ಇಷ್ಟನ್ನು ಮೊದಲೇ ಹೇಳಬಾರದೇನೋ ಎಂದೆ. ಬೈರಕೂರಿನಲ್ಲಿ ನಮ್ಮಪ್ಪ ಶಾನುಭೋಗರಾಗಿದ್ದವರು. ಜಮೀನು ಪೋಡಿಯಾಗಿ ಎರಡು ಭಾಗವಾದಾಗ ಸರ್ವೆ ನಂಬರು ಬದಲಾಗುತ್ತದೆ. ಹಳೇ ನಂಬರು ಹಿಡಿದು ಬಂದ ಸರ್ವೆಯವನು ಪಕ್ಕದವರ ಹೊಲದಲ್ಲಿ ನಿಂತು, ನಿಮ್ಮ ಬಾವಿಯೇ ಇಲ್ಲವಲ್ರೀ ಎಂದು ವಾದಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಾವಿ ಎಲ್ಲಿಗೂ ಹೋಗಿರುವುದಿಲ್ಲ.

ಡಿಸ್ಕನ್ನು ಮುಟ್ಟದೆ ಕಂಪ್ಯೂಟರನ್ನು ಎಬ್ಬಿಸುವ ಲಿನಕ್ಸ್ ಸಿಡಿ ಬೇಕು ಎಂದು ಕದಿರೇಶ ಹೇಳಿದ. ಅವನ ಹತ್ತಿರ ಇರಲಿಲ್ಲ. ನಿನ್ನ ಬೀರು ತೆಗೆದೆ. ಪತ್ರಿಕೆಗಳ ಜೊತೆ ಬಂದ ಸಿಡಿಗಳನ್ನು ನೀನು ಕೆಳಗಿನ ಅರೆಯಲ್ಲಿ ಜೋಡಿಸಿಟ್ಟಿದ್ದೀಯಲ್ಲ, ಅದರಲ್ಲಿ ಸಿಕ್ಕಿತು. ಬೇರೆ ಏನನ್ನೂ ಮುಟ್ಟಿಲ್ಲ. ಸೀರೆಗಳನ್ನು ಮಾತ್ರ ಮಡಿಸಿಟ್ಟೆ, ನೀನು ಮಡಿಸಿದ್ದು ನೋಡುವ ಹಾಗಿರಲಿಲ್ಲ.

ಶುಕ್ರವಾರ ಆ ಸಿಡಿಯಿಂದ ಆನ್ ಮಾಡಿದಾಗ ನಿನ್ನ ಹೆಸರಿನ ಫೋಲ್ಡರು ಕಾಣಿಸಿತು. ಕದಿರೇಶ ರಿಪೇರಿಗೆ ಕೈಹಾಕಲು ಹೋದ. ಮೊದಲು ನಕಲು ತೆಗೆ, ಆಮೇಲೆ ನಿನ್ನ ಪ್ರತಾಪ ತೋರಿಸು ಎಂದೆ. ಪೆನ್‌ಡ್ರೈವಿಗೆ ಹಾಕಿಕೊಂಡು ಅಂಗಡಿಯಲ್ಲಿ ಸಿಡಿ ಮಾಡಿ ತಂದ. ಅದೇ ಈ ಸಿಡಿ. ಆಮೇಲೆ ತನ್ನ ಕಡತ ಈಗ ಎಲ್ಲಿದೆ ಎಂದು ಗ್ರಬ್ಬಿನಿಂದಲೇ ಹುಡುಕಿಸಿ, ಅದು ಹೇಳಿದ ಭಾಗಕ್ಕೆ ಹೊಂದಿಸಿ ಅದನ್ನು ಮತ್ತೆ ಕೂರಿಸಿದ.

ಶನಿವಾರ ಬೆಳಿಗ್ಗೆ ಆನ್ ಮಾಡಿದೆವು. ವಿಂಡೋಸು ಬೇಕೋ ಲಿನಕ್ಸು ಬೇಕೋ ಎಂದು ಕೇಳುವ ಪಟ್ಟಿ ಬಂತು, ವಿಂಡೋಸು ಬಂತು. ನಿನ್ನ ಲಿನಕ್ಸು ಅರ್ಧ ದಾರಿಗೆ ಬಂದು ನಿಂತಿತು. ಕದಿರೇಶ ತಲೆ ಮೇಲೆ ಕೈಹೊತ್ತು ಕೂತ. ಆ ನಂಬರು ಎಷ್ಟು ಕಡೆ ಬರೆದಿದೆಯೋ ಎಂದು ಕೇಳಿದೆ. ಪೋಡಿಯಾದರೆ ಪಹಣಿಯಲ್ಲಿ ತಿದ್ದಿದರೆ ಸಾಲದು, ಖಾತೆಯಲ್ಲೂ ತಿದ್ದಬೇಕು, ಕಂದಾಯದ ರಸೀದಿಯಲ್ಲೂ ತಿದ್ದಬೇಕು. ಹುಡುಕಿದ. ಆ ಪಟ್ಟಿಯ ಕಡತದಲ್ಲಿ ಹಳೇ ಐದೇ ಇತ್ತು. ಯಾವ ಭಾಗ ಎಲ್ಲಿದೆ ಎಂದು ಲಿನಕ್ಸು ತನ್ನೊಳಗೆ ಬರೆದಿಟ್ಟುಕೊಳ್ಳುವ ಕಡತದಲ್ಲೂ ಐದೇ ಇತ್ತು. ಎರಡೂ ಕಡೆ ಆರು ಮಾಡಿದ. ಮಧ್ಯಾಹ್ನಕ್ಕೆ ಕಂಪ್ಯೂಟರು ಮೊದಲಿನಂತೆ ಎದ್ದಿತು. ಅಮ್ಮಾವ್ರೇ, ನೀವು ಅಂಗ್ಡಿಗೆ ಬಂದ್ಬಿಡಿ, ನಾನು ನಿಮ್ ಕೈಕೆಳಗೆ ಇರ್ತೀನಿ ಎಂದು ಅವನ ಹಾಸ್ಯ ಬೇರೆ.

ಹೊಸ ಭಾಗ ಹಾಗೇ ಖಾಲಿ ಇದೆ. ಜಾತಕದ ಸಿಡಿ ಹಾಕಿಲ್ಲ. ನೀನು ಒಪ್ಪಿದರೆ ಹಾಕೋಣ, ಇಲ್ಲದಿದ್ದರೆ ಆ ಜಾಗವನ್ನೂ ನೀನೇ ಇಟ್ಟುಕೋ. ಕದಿರೇಶನನ್ನು ಏನೂ ಅನ್ನಬೇಡ.

ನಾಳೆ ಮುಕುಂದ ಮಾಲೂರಿಗೆ ಬಂದಾಗ ಸಿಡಿಯನ್ನು ಅವನ ಎದುರಿಗೇ ಹಾಕಿ ಕೊನೆಯ ಪುಟದವರೆಗೆ ನೋಡು. ಎಡಮಗ್ಗುಲಲ್ಲಿ ಮಲಗು. ಓದುತ್ತೇನೆಂದು ಹೊತ್ತು ಮೀರಿ ಕೂರಬೇಡ.

ನಿನ್ನ ಅತ್ತೆ,
ಅನಂತಲಕ್ಷ್ಮಿ

ತಾ.ಕ.: ಅಂಟು ಹಚ್ಚುವ ಮುಂಚೆ ಇನ್ನೊಂದು ಸಲ ಓದಿದೆ. ಹೊಸ ಭಾಗ ಮಾಡಿದ್ದಾಯಿತು ಎಂದು ಬರೆದಿದ್ದೇನೆ. ಮಾಡಿದ್ದು ಕದಿರೇಶನಲ್ಲ. ಅವನು, ಅಮ್ಮಾವ್ರೇ, ಇದು ಅಕ್ಕಾವ್ರ ಕೆಲ್ಸದ ಜಾಗ, ಮಾಲೂರಿಗೆ ಒಂದು ಫೋನ್ ಮಾಡಿ ಕೇಳೋಣ ಅಂದ. ನನ್ನ ಮನೆಯಲ್ಲಿ ನಾನು ಸೊಸೆಯ ಅಪ್ಪಣೆ ಕೇಳಬೇಕೇನೋ ಎಂದು ರೇಗಿದೆ. ಅವನು ಕುರ್ಚಿ ಬಿಟ್ಟು ಎದ್ದು ಕೈಕಟ್ಟಿ ನಿಂತ. ಮೌಸು ಹಿಡಿದು, ಆಗಲಿ ಎಂದು ಒತ್ತಿದವಳು ನಾನು. ಮುಕುಂದನಿಗೂ ನಿನ್ನ ಮಾವನವರಿಗೂ ಕದಿರೇಶನ ಹೆಸರು ಹೇಳಿದ್ದೆ. ಅವನು ಎದುರಿಗೇ ಇದ್ದ, ತುಟಿ ಬಿಚ್ಚಲಿಲ್ಲ. ಇವತ್ತು ಊಟಕ್ಕೆ ಕೂತಾಗ ಇಬ್ಬರಿಗೂ ನಿಜ ಹೇಳಿದೆ. ಅವನ ಅಂಗಡಿಗೂ ಹೋಗಿ ಬಂದೆ. ನಿನಗೆ ಬೈಯುವುದಿದ್ದರೆ ಕಾಗದವನ್ನು ನನ್ನ ಹೆಸರಿಗೇ ಬರೆ, ಮುಕುಂದನ ಹೆಸರಿಗೆ ಬೇಡ.