ಬೆನ್ನು ಕೆರೆಯುವ ಕಡ್ಡಿಯ ಚರಿತ್ರೆ

ಪರಲೋಕವಾಸಿ ಅಜ್ಜನ ಸನ್ನಿಧಾನಕ್ಕೆ ಮೊಮ್ಮಗನು ವರದಿ ಒಪ್ಪಿಸುವುದೇನೆಂದರೆ,

ನಮ್ಮ ಬೀದಿಯ ಕಸುಬುಗಳ ಇತಿಹಾಸ ಕಲಿಸಲೆಂದು ಮೇಷ್ಟ್ರು ನಿನ್ನ ಮರಗೆಲಸದ ಸಾಮಾನುಗಳನ್ನೆಲ್ಲ ಶಾಲೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಉಳಿ, ಬಾಚಿ, ಗರಗಸಗಳ ನಡುವೆ ನೀನು ಬೆನ್ನು ಕೆರೆದುಕೊಳ್ಳುತ್ತಿದ್ದ ಕಡ್ಡಿಯೂ ರಾಜಗಾಂಭೀರ್ಯದಿಂದ ಮಲಗಿದೆ. ಅದರ ಕೆಳಗಿನ ಚೀಟಿಯಲ್ಲಿ 'ಸೂಕ್ಷ್ಮ ಕೆತ್ತನೆಯ ಉಪಕರಣ' ಎಂದಿದೆ. ಇಡೀ ತರಗತಿ ಅದನ್ನೇ ಬರೆದುಕೊಳ್ಳುತ್ತಿತ್ತು.

"ಸಾರ್, ಅದು ನಮ್ಮಜ್ಜ ಬೆನ್ನು ಕೆರ್ಕೊಳ್ತಿದ್ದ ಕಡ್ಡಿ!" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಶುರುವಾಯ್ತಾ ನಿನ್ನ ಕಪಿಚೇಷ್ಟೆ? ಹೋದ ವಾರ ಶಾಲೆ ಗಂಟೆ ಬಚ್ಚಿಟ್ಟೋನು ನೀನೇ ಅಲ್ವಾ?" ಎಂದರು ಮೇಷ್ಟ್ರು.

"ಇದು ನಿಜ ಸಾರ್! ಅದ್ರಲ್ಲಿ ನಾನೇ ಎಷ್ಟು ಸಲ ಕೆರೆದಿದ್ದೀನಿ!"

"ಹೌದಾ? ಸಾಕ್ಷಿಗೆ ಯಾರನ್ನ ಕರೀತೀಯಪ್ಪ?"

ನಿನ್ನನ್ನೇ ಕರೆಯುತ್ತೇನೆಂದು ಬಾಯಿ ತೆರೆದವನು, ನೀನೀಗ ಇಲ್ಲವೆಂಬುದು ನೆನಪಾಗಿ, ಕೂತು 'ಸೂಕ್ಷ್ಮ ಕೆತ್ತನೆಯ ಉಪಕರಣ' ಎಂದು ನಾನೂ ಬರೆದುಕೊಂಡೆ.