ಎಡ ಹುಬ್ಬಿನ ಗಾಯ

ಫಳ್ನೀರ್, ಮಂಗಳೂರು
21 ನವೆಂಬರ್ 1963

ಲ್ಯಾನ್ಸಿಗೆ ಕಜೆಟನ್ ಮಾಮನ ಆಶೀರ್ವಾದ.

ಬರೆಯುವುದು ನನ್ನ ಕೆಲಸವಲ್ಲ ಎಂದು ನಿನಗೆ ಗೊತ್ತುಂಟು. ನಾಲ್ಕನೇ ಕ್ಲಾಸಿನಲ್ಲಿ ಮಾಸ್ಟರರ ಬೆತ್ತ ಮುರಿದು ಹೊರಗೆ ಬಂದವನು ನಾನು. ಕೊಂಕಣಿಯಲ್ಲಿ ನನ್ನ ಬಾಯಿ ಓಡುತ್ತದೆ. ಕೈ ಓಡುವುದು ಶಾಲೆಯಲ್ಲಿ ಕಲಿತ ಈ ಕನ್ನಡದಲ್ಲಿ ಮಾತ್ರ, ಅದೂ ಕುಂಟಿಕೊಂಡು. ಎರಡು ತಿಂಗಳಲ್ಲಿ ಮೂರು ಕಾಗದ ಹಾಕಿ ಉತ್ತರ ಬರೆಯಿರಿ, ಉತ್ತರ ಬರೆಯಿರಿ ಎಂದು ಪೀಡಿಸಿದ್ದೀ. ಬೊಂಬಾಯಿಯಲ್ಲಿ ನಿನಗೆ ಬೇರೆ ಕೆಲಸ ಇಲ್ಲವಾ? ಈಗ ಕುಳಿತಿದ್ದೇನೆ. ಮಧ್ಯದಲ್ಲಿ ಎದ್ದರೆ ಮತ್ತೆ ಕೂರುವುದಿಲ್ಲ. ಆದ್ದರಿಂದ ಎಲ್ಲವನ್ನೂ ಒಂದೇ ಸಲಕ್ಕೆ ಬರೆದು ಮುಗಿಸುತ್ತೇನೆ.

ಮೊದಲು ಮುಖ್ಯ ಮಾತು. ನೀನು ಕ್ರಿಸ್ಮಸಿಗಿಂತ ಮೊದಲು ಅತ್ತಾವರದ ಮನೆಗೆ ಬಂದು ನಿನ್ನ ತಾಯಿಯ ಎದುರು ನಿಲ್ಲಬೇಕು. ಎಸ್ತೆರ್ ಬಾಯ್ ನೀನು ಸತ್ತಿದ್ದೀ ಎಂದು ನಂಬಿದ್ದಾಳೆ. ಅವಳಿಗೆ ಹುಚ್ಚು ಹಿಡಿದಿದೆ ಎಂದು ಎಣಿಸಬೇಡ. ಮೀನಿನವಳ ಹತ್ತಿರ ಮೊದಲಿನ ಹಾಗೆಯೇ ಜಗಳವಾಡುತ್ತಾಳೆ, ಬಂಗುಡೆಯ ಕಿವಿರು ಎತ್ತಿ ನೋಡದೆ ಕೊಳ್ಳುವುದಿಲ್ಲ, ಪ್ರಾರ್ಥನೆಯ ಒಂದು ಶಬ್ದವೂ ತಪ್ಪುವುದಿಲ್ಲ. ನೀನು ಸತ್ತದ್ದು ಮಾತ್ರ ಅವಳಿಗೆ ಖಂಡಿತ.

ಇದು ಶುರುವಾದದ್ದು ಮೂರೂವರೆ ವರ್ಷದ ಹಿಂದೆ, ನಿನ್ನ ಅಣ್ಣ ಎಡ್ವಿನನ ಫೋಟೊದಿಂದ. ನೀನು ಅಲ್ಲೇ ಇದ್ದೆ, ಆದರೆ ನಿನ್ನ ಕಣ್ಣು ಮುಚ್ಚಿತ್ತು. ಪೂರ್ತಿ ನಿನಗೆ ಗೊತ್ತಿಲ್ಲ.

ಹಡಗಿನ ಕೆಲಸಕ್ಕೆ ಹೋದ ಎಡ್ವಿನ್ ಜ್ವರದಿಂದ ಅಲ್ಲೇ ತೀರಿಕೊಂಡ, ದೇಹವನ್ನು ಸಮುದ್ರಕ್ಕೆ ಇಳಿಸಿದೆವು ಎಂದು ತಂತಿ ಬಂದಾಗ ಅದನ್ನು ಓದಿ ಹೇಳಿದವನು ನಾನು. ಸಮುದ್ರದ ಮಾತು ಬಿಟ್ಟು ಓದಿದೆ. ಏಡನ್ ಬಂದರಿನಲ್ಲಿ ಇಗರ್ಜಿಯ ಪಕ್ಕ ಹೂಳಿದರು ಎಂದೆ. ಎಸ್ತೆರ್ ಅಳಲಿಲ್ಲ. ಕಪ್ಪು ಉಡಲಿಲ್ಲ. ‘ಫೋಟೊ ಎಲ್ಲಿ?’ ಎಂದಳು. ನಮ್ಮವರ ಪದ್ಧತಿ ನಿನಗೆ ಗೊತ್ತಲ್ಲ, ಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು ಸತ್ತವನ ಫೋಟೊ ತೆಗೆಯುತ್ತಾರೆ, ದೂರದಲ್ಲಿರುವವರಿಗೆ ಕಳುಹಿಸುತ್ತಾರೆ. ಅದನ್ನು ನೋಡುವ ತನಕ ಮಗ ಸತ್ತಿಲ್ಲ ಎಂದು ಕೂತಳು. ಹದಿನೇಳು ದಿನ ಗಂಜಿಯ ತಿಳಿ ಬಿಟ್ಟು ಏನೂ ಮುಟ್ಟಲಿಲ್ಲ. ಆಗ ನಾನು ನಿನ್ನನ್ನು ಕರೆದೆ, ಅಣ್ಣನ ಹೆಣವಾಗಿ ಮಲಗಲು. ಕರೆಯಬಾರದಿತ್ತು ಎಂದು ಈಗ ಬರೆಯುವುದು ಸುಲಭ. ಆ ದಿನ ನನ್ನ ಅಕ್ಕ ಸಾಯುತ್ತಿದ್ದಳು.

ಫೋಟೊ ತೆಗೆಯುವ ಮುದ್ದುವಿನ ಸ್ಟುಡಿಯೋ, ಮಧ್ಯಾಹ್ನ ಮೂರು ಗಂಟೆ, ಬಾಗಿಲು ಹಾಕಿತ್ತು. ಹೆಣದ ಪೆಟ್ಟಿಗೆ ನಮ್ಮ ನಾಟಕದ್ದು, ಬಣ್ಣವೂ ನಾನು ವೇಷದವರಿಗೆ ಹಚ್ಚುವುದೇ. ನಿನ್ನ ಮುಖಕ್ಕೆ ಎಂತ ಹಚ್ಚಿದ್ದೀರಿ ಎಂದು ಮೂರು ಕಾಗದದಲ್ಲೂ ಕೇಳಿದ್ದೀಯಲ್ಲ, ಕೇಳು. ಮೊದಲು ತೆಂಗಿನೆಣ್ಣೆ. ಅದರ ಮೇಲೆ ಸಫೇದದ ಬಿಳಿ ಪುಡಿ. ಸತ್ತವರ ಬಣ್ಣ ಬರಲಿ ಎಂದು ಅದಕ್ಕೆ ಚಿಟಿಕೆ ಹಳದಿ, ಅದಕ್ಕಿಂತ ಕಡಿಮೆ ನೀಲಿ. ಕಣ್ಣಿನ ಕೆಳಗೆ ದೀಪದ ಮಸಿ. ಎಡ್ವಿನನದು ತುಂಬಿದ ಕೆನ್ನೆ, ಹಾಗಾಗಿ ನಿನ್ನ ಬಾಯಿಯ ಎರಡೂ ಕಡೆಗೆ ಹತ್ತಿ. ಅವನು ಸಣ್ಣವನಿರುವಾಗ ಬಾವಿಕಟ್ಟೆಗೆ ಬಿದ್ದು ಹುಬ್ಬಿನ ಮೇಲೆ ಆದ ಗಾಯಕ್ಕೆ ಕೊಲೋಡಿಯನ್. ಆಸ್ಪತ್ರೆಯವರು ಗಾಯದ ಬಾಯಿ ಮುಚ್ಚಲು ಹಚ್ಚುವ ಅಂಟು ಅದು. ಒಣಗುವಾಗ ಚರ್ಮವನ್ನು ಒಳಗೆ ಎಳೆದು ಹಳೆಯ ಗಾಯದ ಹಾಗೆ ಗುಳಿ ಮಾಡುತ್ತದೆ. ನಾಟಕಕ್ಕೆ ಒಂದು ಸಲ ಹಚ್ಚಿದರೆ ಸಾಕು. ನಾನು ಮೂರು ಸಲ ಹಚ್ಚಿದೆ. ತೆಗೆಯುವಾಗ ಅವಸರದಲ್ಲಿ ಎಳೆದೆ. ಗುರುತು ಉಳಿದದ್ದು ಅದಕ್ಕೆ, ಬೇರೆ ಯಾವ ಮಾಯವೂ ಅಲ್ಲ. ಈಗ ಮುಚ್ಚಲೆಂದು ಸ್ನೋ ತಿಕ್ಕುತ್ತೀ, ಪೌಡರ್ ಬಳಿಯುತ್ತೀ; ತುರಿಸದೆ ಇರುತ್ತದಾ? ಅದನ್ನೆಲ್ಲ ಬಿಸಾಡು. ಮಲಗುವ ಮೊದಲು ಉಗುರು ಬೆಚ್ಚಗಿನ ತೆಂಗಿನೆಣ್ಣೆ ಹತ್ತಿಯಲ್ಲಿ ಒತ್ತು. ಉಗುರು ತಾಗಿಸಬೇಡ.

ಇನ್ನೊಂದು ಒಪ್ಪಿಕೊಳ್ಳುತ್ತೇನೆ. ಮೂವತ್ತೈದು ವರ್ಷದಲ್ಲಿ ನಾನು ಸೈತಾನನನ್ನು ಮಾಡಿದ್ದೇನೆ, ಹೆರೋದ್ ರಾಜನನ್ನು ಮಾಡಿದ್ದೇನೆ, ರೆಕ್ಕೆಯ ದೇವದೂತರನ್ನು ಮಾಡಿದ್ದೇನೆ. ಯಾವುದೂ ಆ ಮಧ್ಯಾಹ್ನದಷ್ಟು ಚೆನ್ನಾಗಿ ಬಂದದ್ದಿಲ್ಲ. ಮಕ್ಕಳಿಲ್ಲದ ನನಗೆ ಉಳಿದಿದ್ದ ಒಬ್ಬನೇ ಸೋದರಳಿಯ ಪೆಟ್ಟಿಗೆಯಲ್ಲಿ ಹೆಣವಾಗಿ ಮಲಗಿದ್ದ. ನಾನು ಬ್ರಷ್ ಹಿಡಿದು ಹಿಗ್ಗಿದೆ.

ಫೋಟೊ ಏಡನಿನಿಂದ ಬಂತು ಎಂದು ಕೊಟ್ಟೆವು. ಎಸ್ತೆರ್ ಬಹಳ ಹೊತ್ತು ನೋಡಿದಳು. ಆಮೇಲೆ ಅತ್ತಳು, ಕಪ್ಪು ಉಟ್ಟಳು, ಊಟ ಮಾಡಿದಳು. ಗೆದ್ದೆವು ಎಂದುಕೊಂಡೆ. ಅದಾದ ಮೇಲೆ ಆರು ತಿಂಗಳು ಅವಳು ನಿನ್ನ ಮುಖ ನೋಡಲಿಲ್ಲ, ನೀನು ಬೇಸತ್ತು ಬೊಂಬಾಯಿ ಹತ್ತಿದೆ. ಅಣ್ಣನ ದುಃಖ ಎಂದು ನಾವಿಬ್ಬರೂ ಎಣಿಸಿದ್ದು. ನಿನ್ನ ಕಾಗದ ಓದಿ ಹೇಳುವಾಗ ‘ಎಡ್ವಿನ್ ಹುಷಾರಿದ್ದಾನಾ?’ ಎಂದು ಕೇಳುತ್ತಿದ್ದಳು. ವಯಸ್ಸಾಯಿತು, ಹೆಸರು ತಪ್ಪುತ್ತದೆ ಎಂದು ನಾನು ತಿದ್ದಲಿಲ್ಲ.

ಈ ತಿಂಗಳ ಎರಡನೇ ತಾರೀಕು, ಸತ್ತವರ ಹಬ್ಬ. ಬೆಳಗಿನ ಪೂಜೆಯಲ್ಲಿ ಪಾದ್ರಿಗಳು ಮನೆಯವರು ಬರೆಸಿದ ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದರು. ಈ ವರ್ಷ ನಮ್ಮವರ ಹೆಸರು ಬರೆಸಿದ್ದು ಎಸ್ತೆರ್, ನಾನಲ್ಲ. ನಿನ್ನ ಅಪ್ಪನ ಹೆಸರು ಬಂತು. ಅದರ ಹಿಂದೆ ಲ್ಯಾನ್ಸಿ ಎಂದು ಬಂತು. ಎಡ್ವಿನ್ ಬರಲೇ ಇಲ್ಲ. ಪಾದ್ರಿಗಳಿಗೆ ತಪ್ಪಿತು ಎಂದು ನಾನು ಹೆಂಗಸರ ಸಾಲಿನ ಕಡೆ ನೋಡಿದೆ. ಎಸ್ತೆರ್ ನಿಧಾನವಾಗಿ ಶಿಲುಬೆಯ ಗುರುತು ಮಾಡಿಕೊಂಡಳು. ಕೈಯ ಮೇಣದಬತ್ತಿ ಅಲುಗಲಿಲ್ಲ.

ಮನೆಗೆ ಹೋಗಿ ಹಾರಾಡಿದೆ.

‘ಬದುಕಿದ್ದವನ ಹೆಸರು ಬರೆಸಿದ್ದೀಯಲ್ಲ, ಎಂತ ಆಗಿದೆ ನಿನಗೆ?’

‘ಕೂಗಬೇಡ ಮಾರಾಯ, ನೆರೆಯವರಿಗೆ ಕೇಳ್ತದೆ,’ ಎಂದಳು. ದೇವರ ಪೀಠದಿಂದ ಫೋಟೊ ತಂದು ನನ್ನ ಮಡಿಲಲ್ಲಿಟ್ಟಳು. ‘ಎಡ್ವಿನನ ಗಾಯ ಯಾವ ಹುಬ್ಬಿಗೆ, ಹೇಳು.’

ಬಲ ಹುಬ್ಬಿಗೆ. ಫೋಟೊದಲ್ಲಿ ಎಡ ಹುಬ್ಬಿಗೆ ಇತ್ತು.

ನನ್ನ ಕೈಯ ಅಭ್ಯಾಸ ಅದು, ಲ್ಯಾನ್ಸಿ. ವೇಷದವನನ್ನು ಕನ್ನಡಿಯ ಎದುರು ಕೂರಿಸಿ, ಹಿಂದೆ ನಿಂತು, ಕನ್ನಡಿಯೊಳಗಿನ ಮುಖ ನೋಡಿ ಹಚ್ಚುವುದು. ಎಡ್ವಿನನ ಹಳೆಯ ಫೋಟೊವನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿ, ಎರಡೂ ಒಂದೇ ತರಹ ಕಾಣುವ ಹಾಗೆ ಬರೆದೆ. ಕನ್ನಡಿಯಲ್ಲಿ ಸರಿ ಇತ್ತು. ಮುಖದಲ್ಲಿ ತಿರುಗಿ ಕೂತಿತ್ತು. ಸೈತಾನನಿಗೆ ಗಾಯ ಎಡಕ್ಕೋ ಬಲಕ್ಕೋ ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಹೆತ್ತವಳು ಕೇಳಿದಳು.

‘ನೋಡಿದ ಕೂಡಲೇ ಗೊತ್ತಾಯ್ತು,’ ಎಂದಳು. ‘ಪೆಟ್ಟಿಗೆಯಲ್ಲಿ ಲ್ಯಾನ್ಸಿ. ಒಬ್ಬನ ಜಾಗದಲ್ಲಿ ಇನ್ನೊಬ್ಬನನ್ನು ಮಲಗಿಸಿದಿರಿ. ಮಲಗಿದವ ಅಲ್ಲೇ ಉಳಿದ. ಎದ್ದು ಮನೆಗೆ ಬಂದವ ಎಡ್ವಿನ್. ನಾನು ಮುಖ ಎತ್ತಿ ನೋಡ್ಲಿಲ್ಲ, ನೋಡಿದ್ರೆ ಪುನಃ ಹೋಗ್ತಾನೆ ಅಂತ ಹೆದರಿಕೆ.’

ಮರುದಿನ ಹಗಲು ಹತ್ತು ಗಂಟೆಗೆ ಬಣ್ಣದ ಪೆಟ್ಟಿಗೆ ತೆಗೆದುಕೊಂಡು ಹೋದೆ. ಅವಳ ಎದುರೇ ಬೆಳಕಿನಲ್ಲಿ ಕೂತು ನನ್ನ ಹುಬ್ಬಿಗೆ ಕೊಲೋಡಿಯನ್ ಹಚ್ಚಿದೆ. ಗಾಯ ಆಯಿತು. ‘ನೋಡು, ನೋಡು, ಇಷ್ಟೇ ಇದು!’ ಎಂದು ಎಣ್ಣೆ ಹಾಕಿ ಕಿತ್ತೆ. ಚರ್ಮ ಮೊದಲಿನ ಹಾಗಾಯಿತು. ಅವಳು ಹೆಬ್ಬೆರಳಿನಿಂದ ನನ್ನ ಹುಬ್ಬು ಸವರಿ ನೋಡಿದಳು, ಚಿಕ್ಕಂದಿನಲ್ಲಿ ಹೇನು ನೋಡುತ್ತಿದ್ದ ಹಾಗೆ.

‘ನಿನ್ನದು ಹೋಯ್ತು ಕಜೆಟನ್. ಅವನದು ಹೋಯ್ತಾ?’

ನಿನ್ನ ಕಾಗದ ನನ್ನ ಕಿಸೆಯಲ್ಲಿತ್ತು. ಹೋಗಲಿಲ್ಲ ಎಂದು ನೀನೇ ಬರೆದದ್ದು. ನಾನು ಪೆಟ್ಟಿಗೆ ಮುಚ್ಚಿ ಮನೆಗೆ ಬಂದೆ.

ಅದೇ ಕಾಗದದಲ್ಲಿ ನೀನು ಬರೆದ ಇನ್ನೊಂದು ವಿಷಯಕ್ಕೂ ಬಯ್ದು ಉತ್ತರ ಹಾಕಬೇಕೆಂದಿದ್ದೆ. ಬೊಂಬಾಯಿ ಬಂದರಿನ ಗೋದಿಯಲ್ಲಿ ಹಡಗಿನವನೊಬ್ಬ ಎಡ್ವಿನ್ ಎಂದು ಕೂಗಿ ನಿನ್ನ ಹೆಗಲ ಮೇಲೆ ಕೈ ಹಾಕಿದ, ನೀನು ತಿರುಗಿ ಅವನ ಹೆಸರು ಹಿಡಿದು ಮಾತಾಡಿಸಿದೆ, ಅವನು ಹೋದ ಮೇಲೆ ಆ ಹೆಸರು ನಿನಗೆ ಹೇಗೆ ಗೊತ್ತು ಎಂದು ಹೊಳೆಯಲಿಲ್ಲ ಎಂದಿದ್ದೀ. ಎಡ್ವಿನ್ ಮನೆಗೆ ಬರೆದ ಯಾವುದೋ ಕಾಗದದಲ್ಲಿ ಓದಿದ್ದಿರಬೇಕು, ತಲೆ ಕೆಡಿಸಿಕೊಳ್ಳಬೇಡ ಎಂದು ಬರೆಯಲು ಹೊರಟಿದ್ದೆ. ಆ ಕಾಗದಗಳೆಲ್ಲ ಎಸ್ತೆರ್ ಹತ್ತಿರ ಉಂಟು. ಎಲ್ಲವನ್ನೂ ತೆಗೆದು ಓದಿದೆ. ಆ ಹೆಸರು ಇಲ್ಲ.

ಇನ್ನು ನಾನು ಯಾರಿಗೂ ಹೇಳದೆ ಇಟ್ಟದ್ದು. ಫೋಟೊ ತೆಗೆದಾದ ಮೇಲೆ ಮುದ್ದು ಕರಿ ಬಟ್ಟೆಯಿಂದ ತಲೆ ಹೊರಗೆ ಹಾಕಿ ‘ಆಯ್ತು ಪೊರ್ಬುಗಳೇ’ ಎಂದು ನನಗೆ ಹೇಳಿದ. ನಾನು ‘ಲ್ಯಾನ್ಸಿ, ಏಳು’ ಎಂದೆ. ನೀನು ಏಳಲಿಲ್ಲ. ಎರಡನೇ ಸಲ ಸ್ವಲ್ಪ ಜೋರಾಗಿ ಕರೆದೆ. ಮೂರನೇ ಸಲ ಹೆಗಲು ಹಿಡಿದು ಅಲುಗಿಸಿದೆ. ಎಣ್ಣೆ ಹಚ್ಚಿದ ಮುಖ, ಉಸಿರು ಕಾಣುವುದಿಲ್ಲ. ತಮಾಷೆ ಮಾಡುತ್ತೀ ಎಂದು ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ‘ಹಾಗಾದರೆ ನೀನು ಏಳು ಎಡ್ವಿನ್’ ಎಂದೆ.

ನೀನು ಕಣ್ಣು ಬಿಟ್ಟೆ.

ನಾನು ನಕ್ಕೆ. ಮುದ್ದು ನಗಲಿಲ್ಲ. ದೀಪ ಆರಿಸದೆ ಹೊರಗೆ ಹೋದ. ಮತ್ತೆ ಈ ತನಕ ನನ್ನ ಯಾವ ನಾಟಕದ ಫೋಟೊಕ್ಕೂ ಅವನು ಬಂದದ್ದಿಲ್ಲ.

ಆದ್ದರಿಂದ ಸರಿಯಾಗಿ ನೆನಪು ಮಾಡಿ ಬರೆ. ಲ್ಯಾನ್ಸಿ ಎಂದು ಮೂರು ಸಲ ಕರೆದದ್ದು ನಿನಗೆ ಕೇಳಿತ್ತಾ? ಕೇಳಿಯೂ ಸುಮ್ಮನೆ ಮಲಗಿದ್ದೆ, ಮಾಮನನ್ನು ಹೆದರಿಸಲು ಎಂದಾದರೆ ಹಾಗೆಯೇ ಬರೆ, ಬಯ್ಯುವುದಿಲ್ಲ. ಬಂದಾಗ ಎರಡು ಬಿಗಿಯುತ್ತೇನೆ, ಅಷ್ಟೇ. ಆ ಕಾಗದವನ್ನು ನಿನ್ನ ತಾಯಿಗೆ ಓದಿ ಹೇಳುತ್ತೇನೆ. ಆಮೇಲೆ ಮುಖಕ್ಕೆ ಸ್ನೋ ಗಿನೋ ಏನೂ ಹಚ್ಚದೆ ಬಾ. ಬಂದು ಅವಳ ಎದುರು ಕೂತು ನಿನ್ನ ಹೆಸರು ನೀನೇ ಹೇಳು. ಬದುಕಿರುವ ಮಗನಿಗೆ ಅವಳು ಮೂರೂವರೆ ವರ್ಷದಿಂದ ಬತ್ತಿ ಹಚ್ಚುತ್ತಿದ್ದಾಳೆ. ಅದು ನನ್ನ ಕೈಯಿಂದ ಆದದ್ದು, ಆದರೆ ನನ್ನ ಕೈಯಿಂದ ಅಳಿಸಲು ಆಗುವುದಿಲ್ಲ.

ದೇವರು ನಿನ್ನನ್ನು ಕಾಯಲಿ.

ನಿನ್ನ ಮಾಮ,
ಕಜೆಟನ್

ತಾ.ಕ.: ಒಂದು ಬಿಟ್ಟೆ. ನಿನ್ನ ಅಪ್ಪನ ಸಮಾಧಿಯ ಪಕ್ಕ ನಿಲ್ಲಿಸಲು ಎಸ್ತೆರ್ ನಿನ್ನ ಹೆಸರಿನ ಕಲ್ಲು ಕೆತ್ತಲು ಕೊಟ್ಟಿದ್ದಾಳೆ. ಡಿಸೆಂಬರ್ ಎಂಟರ ಹಬ್ಬದ ಪೂಜೆ ಮುಗಿದ ಮೇಲೆ ನಿಲ್ಲಿಸುತ್ತಾರೆ. ನಿನ್ನ ಹುಟ್ಟಿದ ತಾರೀಕು ನನ್ನ ಹತ್ತಿರ ಕೇಳಿದಳು, ನಾನು ಹೇಳಿದೆ. ಸತ್ತ ತಾರೀಕು ಅವಳೇ ಹೇಳಿದಳು, ಫೋಟೊ ತೆಗೆದ ದಿನ. ಮೊನ್ನೆ ಕಲ್ಲು ಕೆತ್ತುವವನು ಕಾಗದದ ಚೀಟಿ ತೋರಿಸಿ ‘ಹೆಸರು ಇದೇ ಅಲ್ವಾ?’ ಎಂದು ಕೇಳಿದ. ಅಲ್ಲ ಎನ್ನಲು ಹೋದವನು ಚೀಟಿಯನ್ನು ತಿರುಗಿ ಅವನ ಕೈಗೇ ಕೊಟ್ಟೆ. ಅವನು ಉಳಿ ಹಿಡಿದ. ಡಿಸೆಂಬರ್ ಐದರ ಒಳಗೆ ನಿನ್ನ ಉತ್ತರ ನನ್ನ ಕೈಗೆ ಸಿಗಬೇಕು.