ಚಿಟ್ಟೆಯ ಎರಡು ತಂತಿ

ಇವಾಂಜಿತ್ಸಾ
ಆಗಸ್ಟ್ ಕೊನೆಯ ಬುಧವಾರ

ಮಾತು ಬಿಟ್ಟ ಮೇಸ್ತ್ರಿ ವಿದೋಯೆಗೆ, ಮೌನ ಬಿಟ್ಟ ತಿಹೊಮಿರ್ ಬರೆಯುವುದು.

ಮೊದಲು ಕೆಲಸದ ಮಾತು. ಶನಿವಾರ ಗುಜರಿಯವನು ಬಂದರೆ ಗೇಟು ತೆಗೆಯಬೇಡ. ನಿನ್ನ ಎಂಜಿನ್ ಸತ್ತಿಲ್ಲ. ಮೂರು ವರ್ಷದಿಂದ ಅದು ಗಟ್ಟಿಮುಟ್ಟಾಗಿಯೇ ಇದೆ, ನೀನು ಹೇಳಿದ್ದು ಅದಕ್ಕೆ ತಿರುಗುಮುರುಗಾಗಿ ಕೇಳಿಸುತ್ತಿದೆ, ಅಷ್ಟೆ. ಕಾರಣ ನನಗೆ ಗೊತ್ತು. ಮೊದಲ ವಾರದಿಂದಲೂ ಗೊತ್ತು. ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದು. ಆಮೇಲೆ ಕೈಯಲ್ಲಿರುವ ಸುತ್ತಿಗೆಯನ್ನು ಕೆಳಗಿಟ್ಟು, ಕೂತು, ಮುಂದಿನದನ್ನು ಓದು. ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು, ನಿಜ. ಆದರೆ ನನ್ನಿಂದ ಬಂದ ಒಂದು ಸಾಲನ್ನು ನೀನು ನಂಬುವುದಿಲ್ಲ. ನನ್ನ ಸಾಲುಗಳಿಂದ ನೀನು ಪಟ್ಟದ್ದು ಸಾಲದೆ?

ಕಬ್ಬಿಣ ನಿನ್ನ ಮಾತು ಕೇಳುತ್ತಿತ್ತು, ಕರೆಂಟು ನನ್ನ ಮಾತು ಕೇಳುತ್ತಿತ್ತು. ನಿಮ್ಮ ಹಿತ್ತಲಿನ ಶೆಡ್ಡಿನಲ್ಲಿ ಐದು ವರ್ಷ ನಾವು ಹಾಗೆಯೇ ಸಂಸಾರ ನಡೆಸಿದೆವು. ನಿಮ್ಮಪ್ಪನ ಹಳೆಯ ಪುಟ್ಟ ಕಾರಿನ ಎಂಜಿನ್ ನೀನು ಬಿಚ್ಚಿ, ಕೊರೆದು, ಉಜ್ಜಿದೆ; ಅದರ ಹಳೆಯ ಕಾರ್ಬ್ಯುರೇಟರನ್ನು ಕಿತ್ತೆಸೆದು, ಪೆಟ್ರೋಲನ್ನು ಲೆಕ್ಕಹಾಕಿ ಚಿಮ್ಮಿಸುವ ಕಂಪ್ಯೂಟರ್ ಡಬ್ಬಿಯೊಂದನ್ನು ನಾನೇ ಬೆಸುಗೆ ಹಾಕಿ ಕೂರಿಸಿದೆ. ಅಂಥ ಡಬ್ಬಿ ಇನ್ನೊಂದಿಲ್ಲ. ಅದರ ಒಳಗಿನದು ಅರ್ಥವಾಗುವವನೂ ಊರಿನಲ್ಲಿ ಇನ್ನೊಬ್ಬನಿಲ್ಲ. ಇದನ್ನು ಆಗ ಜಂಭದಿಂದ ಹೇಳುತ್ತಿದ್ದೆ. ನಿನ್ನ ಆಸೆ ಒಂದೇ: ಸೆಪ್ಟೆಂಬರಿನಲ್ಲಿ ಮುಚಾನ್ ಗುಡ್ಡದ ಓಟದಲ್ಲಿ ಕೈಯಾರೆ ಕಟ್ಟಿದ ಎಂಜಿನ್‌ನಿಂದ ತುದಿ ಮುಟ್ಟಬೇಕು. ಗೆಲ್ಲಬೇಕೆಂದು ನೀನು ಒಮ್ಮೆಯೂ ಹೇಳಿದವನಲ್ಲ. "ಮೇಲೆ ಹೋಗಿ ಒಂದು ಬೀರು ಕುಡಿದು ಇಳಿದ್ರೆ ಸಾಕು ಕಣೋ" ಎನ್ನುತ್ತಿದ್ದೆ.

ಆಮೇಲೆ ನಿನ್ನ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಗೆ ಹೆಣ್ಣಿಗಿಂತ ಮೊದಲು ಕುಮನನ್ನು ಗೊತ್ತುಮಾಡಬೇಕು. ಪಾದ್ರಿಯ ಮುಂದೆ ಗಂಡಿನ ಪಕ್ಕ ನಿಲ್ಲುವವನು, ಆ ಕ್ಷಣದಿಂದ ರಕ್ತಸಂಬಂಧಕ್ಕಿಂತ ದೊಡ್ಡ ಧರ್ಮಬಂಧು. ನಿನ್ನ ಕುಮ ನಾನೇ ಎಂದು ಊರಿನ ನಾಯಿಗಳಿಗೂ ಗೊತ್ತಿತ್ತು. ನಾನು ಕೋಟು ಹೊಲಿಸಿಯೂ ಆಗಿತ್ತು. ಆದರೆ ಹೂ ಕಟ್ಟಿದ, ರಾಕಿಯಾ ಸಾರಾಯಿ ತುಂಬಿದ ಸೋರೆಬುರುಡೆ ಹೊತ್ತು ನಿಮ್ಮ ಕಡೆಯವನು ನಮ್ಮ ಮನೆಗೆ ಬಂದಾಗ, ಎಲ್ಲರನ್ನೂ ಕರೆಯುವ ಹಾಗೆ ಕರೆದು, ಒಂದು ಗುಟುಕು ಕುಡಿಸಿ ಹೋದ. ಕುಮನಾಗಿದ್ದವನು ಬಿಡಿಭಾಗದ ಅಂಗಡಿಯ ಗ್ವೋಜ್ದೆನ್! ನಮ್ಮ ಭಾಷೆಯಲ್ಲಿ ಆ ಹೆಸರಿಗೆ ಕಬ್ಬಿಣ ಎಂದರ್ಥ. ಆಗಲಿ, ಕಬ್ಬಿಣಕ್ಕೆ ಕಬ್ಬಿಣ ಜೊತೆಯಾಯಿತು, ಕರೆಂಟು ಹೋಯಿತು ಎಂದುಕೊಂಡೆ. ಕಾರಣ ಕೇಳಲು ಶೆಡ್ಡಿಗೆ ಬಂದರೆ ನೀನು ಎಂಜಿನ್ ಒಳಗೆ ತಲೆ ತೂರಿಸಿಕೊಂಡೇ, "ನಿಂಗೆ ಬೇರೆ ಜಾಗ ಇಟ್ಟಿದೀನಿ, ಸ್ವಲ್ಪ ತಡ್ಕೊಳ್ಳೋ" ಎಂದೆ.

ಮದುವೆಯ ದಿನ ಆ ಜಾಗ ಯಾವುದೆಂದು ತಿಳಿಯಿತು. ಉದ್ದ ಮೇಜಿನ ತುದಿಯಲ್ಲಿ, ನಿನ್ನ ಅತ್ತೆಯರ, ಚಿಕ್ಕಮ್ಮಂದಿರ ನಡುವೆ, ನಿನ್ನ ತಂಗಿ ದೆಸಾಂಕಾಳ ಪಕ್ಕ. ಬೇರೆ ದಿನವಾಗಿದ್ದರೆ ಅವಳ ಪಕ್ಕ ಕೂರಲು ನಾನು ಮಂಡಿಯೂರಿಕೊಂಡು ಬರುತ್ತಿದ್ದೆ. ಅದು ಯಾರಿಗೂ ಗೊತ್ತಿಲ್ಲ ಎಂದೂ ನಂಬಿದ್ದೆ. ಅಂದು ಮಾತ್ರ ನನ್ನ ಕಣ್ಣೆಲ್ಲ ನಿನ್ನ ಬಲಗಡೆ ಕೂತಿದ್ದ ಗ್ವೋಜ್ದೆನ್‌ನ ಮೇಲಿತ್ತು. ಅವಳು ನನ್ನ ತಟ್ಟೆಗೆ ಮಾಂಸ ಬಡಿಸಿ, "ತಿನ್ನು. ಮುಖ ಯಾಕೆ ಜಾಡಿಯಿಂದ ತೆಗೆದ ಸೌತೇಕಾಯಿ ಥರ ಮಾಡ್ಕೊಂಡಿದೀಯಾ?" ಎಂದಳು. ಮಡಕೆಯಲ್ಲಿ ಬೇಯಿಸಿದ ಮದುವೆ ಕೋಸು ಬರುವ ಮೊದಲೇ ನಾನು ಎದ್ದು ಹೋದೆ. ಕೋಸು ತಿನ್ನದೆ ಎದ್ದವನು ಹಗೆ ಸಾರಿದ ಹಾಗೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ಕುಮ ನಿನಗೆ ಕೊಟ್ಟ ಉಡುಗೊರೆ ನೆನಪಿದೆಯಲ್ಲ? ಬೇರೆ ಕಂಪನಿಯ, ನಮ್ಮದಕ್ಕಿಂತ ಎರಡರಷ್ಟು ದೊಡ್ಡ ಕಾರಿನ ಥ್ರಾಟಲ್ ಬಾಡಿ. ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು. ಅದರೊಳಗೆ ತಿರುಗುವ ತೆಳು ತಗಡನ್ನು ನಮ್ಮ ಗ್ಯಾರೇಜಿನವರೆಲ್ಲ ಚಿಟ್ಟೆ ಎನ್ನುತ್ತೇವೆ. ಆ ಚಿಟ್ಟೆಯಿಂದ ನನಗೆ ಹಿಡಿದ ಚಿಟ್ಟು ಮೂರು ವರ್ಷ ಬಿಡಲಿಲ್ಲ. ಎಂಜಿನ್ನಿನ ಬಾಯಿಗೆ ಅದು ಹೊಂದದೆ ಹೋದಾಗ ನೀನು ಅಲ್ಯೂಮಿನಿಯಂ ಹಲಗೆ ಕೊರೆದು ನಡುವೆ ಕೂರಿಸಿದೆ. ಅದು ತೆರೆಯುವ ದಿಕ್ಕು ನಮ್ಮದಕ್ಕೆ ವಿರುದ್ಧವೆಂದು ಕೇಬಲ್ಲನ್ನು ಆಚೆಯಿಂದ ಸುತ್ತಿ ತಂದೆ. ಕೂದಲೆಳೆಯಷ್ಟೂ ಗಾಳಿ ಸೋರದ ಕೆಲಸ. ಗೇಟಿನಾಚೆ ನಿಂತು ನೋಡಿದ ನನಗೆ ಹೊಟ್ಟೆ ಉರಿದದ್ದು ಆ ಕೆಲಸ ಅಷ್ಟು ಚೆನ್ನಾಗಿದ್ದುದರಿಂದಲೇ.

ಉಳಿದದ್ದು ಚಿಟ್ಟೆ ಎಷ್ಟು ತೆರೆದಿದೆ ಎಂದು ನನ್ನ ಡಬ್ಬಿಗೆ ವರದಿ ಮಾಡುವ ಸೆನ್ಸರ್ ಒಂದೇ. ಅದರ ಮೂರು ತಂತಿಗಳ ಪ್ಲಗ್ಗನ್ನು ನೀನು ಹಳೆಯ ಜಾಗಕ್ಕೆ ಒತ್ತಿದೆ, ಟಕ್ ಎಂದು ಕೂತಿತು. ಕೂತಿತು ಎಂದ ಮೇಲೆ ಸರಿಯಾಯಿತು ಎಂದು ನೀನು ಅಂದುಕೊಂಡೆ. ಪ್ಲಗ್ಗಿನ ಆಕಾರ ಒಂದೇ, ಒಳಗಿನ ತಂತಿಗಳ ಕ್ರಮ ಮಾತ್ರ ಆ ಕಂಪನಿಯವರದು ಬೇರೆ. ಹಾಗಾಗಿ ಚಿಟ್ಟೆ ಮುಚ್ಚಿದಾಗ ಸೆನ್ಸರ್ "ಪೂರ್ತಿ ತೆರೆದಿದೆ" ಎಂದು ಚಾಡಿ ಹೇಳುತ್ತಿತ್ತು, ತೆರೆದಾಗ "ಮುಚ್ಚಿದೆ" ಎನ್ನುತ್ತಿತ್ತು. ನೀನು ಕಾಲು ತೆಗೆದರೆ ಡಬ್ಬಿ ಬಕೆಟ್ಟುಗಟ್ಟಲೆ ಪೆಟ್ರೋಲ್ ಸುರಿಯಿತು, ಕಾಲು ಒತ್ತಿದರೆ ಉಪವಾಸ ಕೆಡವಿತು. ಕಪ್ಪು ಹೊಗೆ, ನಾಲ್ಕು ಸೀನು, ಆಮೇಲೆ ಮೌನ. ನಾನು ಆ ಸೀನುಗಳನ್ನು ರಸ್ತೆಯಾಚೆಯಿಂದಲೇ ಕೇಳಿ ರೋಗ ಗುರುತಿಸಿದೆ. ನನ್ನ ಲ್ಯಾಪ್‌ಟಾಪನ್ನು ಡಬ್ಬಿಗೆ ಸಿಕ್ಕಿಸಿದ್ದರೆ ಯಾವ ಪೆದ್ದನಿಗೂ ಒಂದೇ ನಿಮಿಷದಲ್ಲಿ ಕಾಣುತ್ತಿತ್ತು. ಅದು ನನ್ನ ಮಂಚದ ಕೆಳಗಿತ್ತು. ನೀನು ಕೇಳಿ ಪಡೆಯುವವನಲ್ಲ, ನಾನು ಕೇಳದೆ ಕೊಡುವವನಲ್ಲ. ಇನಾಮು ಸಿಗದಿದ್ದರೂ ಇನಾತ್ ಬಿಡದ ಜನ ನಾವು, ಎದುರಿನವನಿಗೆ ಅಪಶಕುನವಾಗಲೆಂದು ಸ್ವಂತ ಮೂಗು ಕೊಯ್ದುಕೊಳ್ಳುವ ಹಟಕ್ಕೆ ಆ ಹೆಸರನ್ನೇ ಇಟ್ಟು ಸಾಕಿಕೊಂಡವರು. ಇಂಧನ ನಿನ್ನ ಎಂಜಿನ್‌ನಲ್ಲಿ ಹೊತ್ತಲಿಲ್ಲ. ಕಿಚ್ಚು ನನ್ನ ಹೊಟ್ಟೆಯಲ್ಲಿ ಚೆನ್ನಾಗಿ ಹೊತ್ತಿತು.

ಆದರೂ ನೀನು ಒಮ್ಮೆ ಬಂದೆ. ಅದನ್ನು ಬರೆಯದೆ ದಾಟಿಬಿಡಬಹುದಿತ್ತು. ಹಿಮ ಬಿದ್ದ ಭಾನುವಾರ, ಥ್ರಾಟಲ್ ಬಾಡಿಯನ್ನು ಬಿಚ್ಚಿ, ಉಣ್ಣೆಯ ಟೋಪಿಯೊಳಗೆ ಸುತ್ತಿ, ಬರಿ ತಲೆಯಲ್ಲಿ ನಡೆದು ಬಂದೆ. ಒಳಗೆ ಬಾ ಎಂದು ನಾನು ಅನ್ನಲಿಲ್ಲ. ಹೊಸ್ತಿಲಲ್ಲೇ ನಿಂತು, "ನಾಲ್ಕು ಸಲ ಬಿಚ್ಚಿದೆ ಕಣೋ. ಪಂಪು ಬದಲಾಯಿಸ್ದೆ, ಇಂಜೆಕ್ಟರ್ ತೊಳ್ದೆ. ನಿಂಗೇನಾದ್ರೂ ಕಾಣುತ್ತಾ ನೋಡು" ಎಂದೆ. ನಾನು ಅದನ್ನು ಬೆಳಕಿಗೆ ಹಿಡಿದೆ, ಚಿಟ್ಟೆಯನ್ನು ಬೆರಳಿನಿಂದ ಎರಡು ಸಲ ಆಡಿಸಿದೆ, ಸೆನ್ಸರಿನ ಮೂರು ಕಾಲುಗಳನ್ನೂ ನೋಡಿದೆ. ಆಮೇಲೆ ಹೇಳಿದೆ: "ಚಿಟ್ಟೆ ಚೆನ್ನಾಗಿದೆ ಮೇಸ್ತ್ರಿ. ಹೂವು ಹುಡುಕು."

ನೀನು ನಗಲಿಲ್ಲ. ನಾನು ಮಾತ್ರ ಆ ಜೋಕನ್ನು ಹಾಳುಮಾಡಲಿಲ್ಲ. ಆ ಶುಕ್ರವಾರವೇ ನಮ್ಮ ವಾರಪತ್ರಿಕೆಯ ನನ್ನ ಹಾಸ್ಯ ಅಂಕಣದಲ್ಲಿ ಅಚ್ಚಾಯಿತು. ಹೆಸರು ಹಾಕಿರಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ. ಎಂಜಿನ್‌ಗೆ ಸಿಗದ ಗಾಳಿಯೆಲ್ಲ ಊರಿಗೆ ಗಾಳಿಮಾತಾಗಿ ಸಿಕ್ಕಿತು. ಎರಡು ಚಳಿಗಾಲದಲ್ಲಿ ನಿನ್ನ ಮೇಲೆ ಹನ್ನೊಂದು ಅಂಕಣ ಬರೆದೆ. ಕ್ಷೌರದಂಗಡಿಯಲ್ಲಿ ಗಟ್ಟಿಯಾಗಿ ಓದಿಸಿಕೊಂಡು ಕೇಳಿದವರಿದ್ದಾರೆ. "ಅವನ ಎಂಜಿನ್ ಸಂಪೂರ್ಣ ಪ್ರಜಾಪ್ರಭುತ್ವವಾದಿ, ಒತ್ತಡ ಹಾಕಿದರೆ ಕೆಲಸ ನಿಲ್ಲಿಸುತ್ತದೆ" ಎಂದು ಬರೆದದ್ದನ್ನು ಮೇಯರ್ ತಮ್ಮ ಭಾಷಣಕ್ಕೆ ಎತ್ತಿಕೊಂಡರು. ನನಗೆ ಅಂದು ಹಬ್ಬ. ಆ ವಾಕ್ಯದಲ್ಲಿ ರೋಗದ ಹೆಸರೇ ಇತ್ತು ವಿದೋಯೆ, ನಗುವ ಗದ್ದಲದಲ್ಲಿ ಯಾರೂ ನೋಡಲಿಲ್ಲ.

ಹೋದ ಸೆಪ್ಟೆಂಬರ್ ನೀನು ಹಟ ಹಿಡಿದು ಕಾರನ್ನು ಗುಡ್ಡದ ಬುಡಕ್ಕೆ ತಂದೆ. ಹಸಿರು ದೀಪ ಬಿತ್ತು, ನೀನು ಒತ್ತಿದೆ, ಅದು ಕೆಮ್ಮಿ ಮಲಗಿತು. ಧ್ವನಿವರ್ಧಕದವನು ಊರಿಗೆಲ್ಲ ಕೇಳುವಂತೆ, "ಏನ್ ಚಿಟ್ಟೆ ಮೇಸ್ತ್ರಿ, ಹೂವು ಸಿಗ್ಲಿಲ್ವಾ?" ಎಂದ. ಎರಡು ಸಾವಿರ ಜನ ನಕ್ಕರು. ನೀನು ಇಳಿದು, ಹೆಲ್ಮೆಟ್ ತೆಗೆಯದೆ, ಕಾರನ್ನು ಹಿಂದಕ್ಕೆ ತಳ್ಳಿದೆ. ಮುಖ ಕಾಣಬಾರದೆಂದು ತೆಗೆಯಲಿಲ್ಲ ಎಂದು ನನಗೆ ಅರ್ಥವಾಗಿತ್ತು. ಹೊಳೆಯುವ ಹೊಸ ಬೂಟು ಹಾಕಿಕೊಂಡಿದ್ದ ಗ್ವೋಜ್ದೆನ್ ಕೆಸರಿಗಿಳಿದು ನಿನ್ನ ಜೊತೆ ತಳ್ಳಿದ. ಕುಮ ಮಾಡಬೇಕಾದ್ದನ್ನು ಅವನು ಮಾಡಿದ. ನಾನು ಬೇಲಿಯಾಚೆ ಬೇಯಿಸಿದ ಮುಸುಕಿನ ಜೋಳ ತಿನ್ನುತ್ತಿದ್ದೆ. ರುಚಿಯಾಗಿತ್ತು.

ಇಷ್ಟಾದ ಮೇಲೂ ಈ ಪತ್ರ ಬರೆಯುತ್ತಿರಲಿಲ್ಲ. ಮೊನ್ನೆ ಸೋಮವಾರ ಸಂತೆಯಲ್ಲಿ ದೆಸಾಂಕಾ ಸಿಕ್ಕಳು. ನೋವಿ ಸಾದ್‌ನಿಂದ ಗಂಡನ ಜೊತೆ ತವರಿಗೆ ಬಂದಿದ್ದಾಳೆ, ಅದು ನಿನಗೆ ನಾನು ಹೇಳಬೇಕೆ? ಕೆಂಪು ದಪ್ಪ ಮೆಣಸಿನಕಾಯಿಯ ಮೂಟೆಯನ್ನು ಮಗುವಿನಂತೆ ಅಪ್ಪಿಕೊಂಡಿದ್ದಳು.

"ಏನು ಲೇಖಕರೇ, ನಮ್ಮಣ್ಣನ ಮೇಲೆ ಹನ್ನೆರಡನೇದು ಯಾವಾಗ?" ಎಂದಳು. "ಬೇಗ ಬರೀಬೇಕು. ಶನಿವಾರ ಗುಜರಿಯೋನು ಬರ್ತಾನೆ. ಅತ್ತಿಗೆಗೆ ಆ ಶೆಡ್ಡು ಬೇಕಂತೆ, ಮೆಣಸಿನಕಾಯಿ ಸುಡೋಕೆ."

ನಾಲಿಗೆಯ ಚಾಳಿ ಎಲ್ಲಿಗೆ ಹೋಗುತ್ತದೆ! "ಆ ಹೊಸ ಕುಮನಿಗೆ ಹೇಳ್ಬೇಕಿತ್ತು, ಇನ್ನೊಂದು ಚಿಟ್ಟೆ ಹಿಡ್ಕೊಂಡು ಬರ್ತಿದ್ದ" ಎಂದೆ.

ಅವಳು ಮೂಟೆಯನ್ನು ನೆಲಕ್ಕಿಳಿಸಿದಳು. "ನಿಂಗೆ ನಿಜವಾಗ್ಲೂ ಗೊತ್ತಾಗ್ಲಿಲ್ವಾ? ಅವನು ನಿನ್ನನ್ನ ಕುಮ ಮಾಡ್ಕೊಂಡಿದ್ರೆ ನಾನು ನಿಂಗೇನಾಗ್ತಿದ್ದೆ, ಹೇಳು."

ತಂಗಿ. ಕುಮನಿಗೆ ಆ ಮನೆಯ ಹೆಣ್ಣುಮಕ್ಕಳೆಲ್ಲ ಒಡಹುಟ್ಟಿದವರ ಸಮ. ಮದುವೆಯ ಮಾತೆತ್ತಿದರೆ ಚರ್ಚಿನ ಬಾಗಿಲು ಮುಚ್ಚುತ್ತದೆ. ತೊಟ್ಟಿಲಿನಿಂದ ಗೊತ್ತಿದ್ದ ಸಂಗತಿ. ಕುಮನ ಕುರ್ಚಿಯ ಮೇಲೆ ಕಣ್ಣಿಟ್ಟವನಿಗೆ ಪಕ್ಕದ ಕುರ್ಚಿ ಕಾಣಲಿಲ್ಲ.

"ನಿನ್ನ ಮನಸ್ಸು ಅವನಿಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ?" ಎಂದಳು. "ನಾನು ಕಾಫಿ ತಂದಾಗೆಲ್ಲ ನೀನು ಬೆಸುಗೆ ಕಡ್ಡೀಲಿ ಕೈ ಸುಟ್ಕೊಳ್ತಿದ್ದೆ. ಅದಕ್ಕೇ ಗ್ವೋಜ್ದೆನ್ ಕಾಲು ಹಿಡಿದು ಕುಮ ಮಾಡ್ಕೊಂಡ. ಅದಕ್ಕೇ ನನ್ನ ಪಕ್ಕ ಕೂರಿಸ್ದ."

"ಬಾಯಿಬಿಟ್ಟು ಹೇಳಬಾರ್ದಿತ್ತಾ?"

"ತಂಗೀನ ತಟ್ಟೇಲಿಟ್ಟು ಕೊಡೋಕಾಗುತ್ತಾ? ಬಂದು ಕೇಳೋದು ನಿನ್ನ ಕೆಲಸ. ಕಾದೆ, ಎರಡು ಚಳಿಗಾಲ. ಪ್ರತಿ ಶುಕ್ರವಾರ ನಿನ್ನ ಅಂಕಣ ಓದ್ದೆ. ಅಣ್ಣನೂ ಓದ್ತಿದ್ದ, ಓದಿ ಮಡಚಿಟ್ಟು ಶೆಡ್ಡಿಗೆ ಹೋಗ್ತಿದ್ದ. ಹನ್ನೊಂದನೇದು ಬಂದ ದಿನ ದಂತವೈದ್ಯನಿಗೆ ಹೂಂ ಅಂದೆ. ಅವನು ಹಲ್ಲು ಕೀಳೋಕೆ ಮುಂಚೆ ಮರಗಟ್ಟಿಸ್ತಾನೆ."

ಮೂಟೆ ಎತ್ತಿಕೊಂಡು ಹೋದಳು. ಇಪ್ಪತ್ತು ವರ್ಷದಿಂದ ಪಂಚ್ ಲೈನ್ ಬರೆದು ಹೊಟ್ಟೆ ಹೊರೆದವನಿಗೆ ಬಿದ್ದ ಮೊದಲ ಪಂಚ್ ಅದು.

ಈಗ ಕೇಳು. ಸೆನ್ಸರಿನ ಮೂರು ತಂತಿಯಲ್ಲಿ ನಡುವಿನ ಹಳದಿಯನ್ನು ಮುಟ್ಟಬೇಡ. ಆಚೀಚೆಯ ಕೆಂಪು, ಕಪ್ಪು ಎರಡನ್ನೂ ಅದಲುಬದಲು ಮಾಡು. ಅಷ್ಟೇ. ಹತ್ತು ನಿಮಿಷದ ಕೆಲಸ. ಈ ಪತ್ರದ ಜೊತೆ ಲ್ಯಾಪ್‌ಟಾಪನ್ನೂ ಕಳಿಸಿದ್ದೇನೆ. ಚಿಟ್ಟೆ ಮುಚ್ಚಿದಾಗ ಪರದೆಯ ಮೇಲೆ ಸೊನ್ನೆ ಬರಬೇಕು, ಪೂರ್ತಿ ತೆರೆದಾಗ ನೂರು. ಸೊನ್ನೆ ಬರದಿದ್ದರೆ ಮೊದಲ ಗುಂಡಿ ಒತ್ತು. ನಿನ್ನ ಅಲ್ಯೂಮಿನಿಯಂ ಹಲಗೆಯಲ್ಲಿ ಯಾವ ದೋಷವೂ ಇಲ್ಲ, ಎಂದೂ ಇರಲಿಲ್ಲ.

ಶುಕ್ರವಾರದ ಪತ್ರಿಕೆಯಲ್ಲಿ ಹನ್ನೆರಡನೆಯ ಅಂಕಣ ಬರುತ್ತದೆ. ತಂತಿಯ ವಿಷಯ, ಲ್ಯಾಪ್‌ಟಾಪಿನ ವಿಷಯ, ನೀನು ಟೋಪಿ ಬಿಚ್ಚಿಕೊಂಡು ಬಂದ ಭಾನುವಾರದ ವಿಷಯ ಎಲ್ಲ ಬರೆದಿದ್ದೇನೆ, ಈ ಸಲ ಹೆಸರು ಹಾಕಿ, ನನ್ನದು. ದೆಸಾಂಕಾಳ ಒಂದಕ್ಷರವೂ ಅದರಲ್ಲಿಲ್ಲ. ಅಷ್ಟನ್ನಾದರೂ ನಗೆಗೆ ಮಾರದೆ ಇಟ್ಟುಕೊಂಡಿದ್ದೇನೆ.

ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಿದರೆ ನೀನು ಕೊಟ್ಟುಬಿಟ್ಟೀಯೆ ಎಂಬ ಭಯ. ನಿನ್ನನ್ನು ಬಲ್ಲೆ: ನನ್ನ ಕೈಯಿಂದ ಬಂದ ಮದ್ದು ಬೇಡವೆಂದು, ಬರೀ ಹಟಕ್ಕೆ, ಎಂಜಿನ್ನನ್ನು ಗುಜರಿಗೆ ಎಸೆಯಬಲ್ಲವನು ನೀನು. ಎಸೆಯಬೇಡ. ಎಸೆದರೆ ನನ್ನ ಹನ್ನೊಂದು ಜೋಕುಗಳೂ ನಿಜವಾಗಿ, ನಾನು ಗೆದ್ದ ಹಾಗಾಗುತ್ತದೆ. ನನ್ನನ್ನು ಶಿಕ್ಷಿಸಬೇಕೆಂದಿದ್ದರೆ ಓಡಿಸು. ಓಟದ ದಿನ ಗ್ವೋಜ್ದೆನ್‌ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಎರಡು ಸಾವಿರ ಜನರ ಮುಂದೆ ಒತ್ತು. ಅದು ಗರ್ಜಿಸಿಕೊಂಡು ಹತ್ತಿದಷ್ಟು ದೂರವೂ ಪ್ರತಿಯೊಬ್ಬನೂ ಬೇಲಿಯ ಬಳಿ ನಿಂತ ನನ್ನ ಕಡೆ ತಿರುಗಿ, ಇಷ್ಟೇ ಇಷ್ಟು ಮಾತನ್ನು ಈ ಮನುಷ್ಯ ಮೂರು ವರ್ಷ ನುಂಗಿಕೊಂಡಿದ್ದನೆ ಎಂದು ನೋಡುತ್ತಾನೆ. ನಾನು ಓಡಿಹೋಗುವುದಿಲ್ಲ. ಕೊನೆಯ ತಿರುವಿನಲ್ಲಿ ನಿಂತಿರುತ್ತೇನೆ. ನೀನು ಅಲ್ಲಿ ಕಾಲು ಸಡಿಲಿಸಬೇಡ.

ಗಾಲಿಗೆ ನೆಲ ತಪ್ಪದಿರಲಿ. ಮೇಲಿನ ಬೀರು ತಣ್ಣಗಿರಲಿ.

ನಿನಗೆ ಕುಮನೂ ಆಗದ, ನೆಂಟನೂ ಆಗಲಾರದ
ತಿಹೊಮಿರ್